ಗೇಟು ಮುಚ್ಚುವವನು

ಬುಧವಾರದ ನಡಿಗೆಯಲ್ಲಿ ಆಲ್ವಿನ್ ಎಲ್ಲರಿಗಿಂತ ಹಿಂದೆ ಬರುತ್ತಿದ್ದ. ದಾರಿಯ ಹೊಲಗಳ ಗೇಟು ಮುಚ್ಚುವ ಕೆಲಸ ಅವನದು.

ವಾರವಾರ ಗುಡ್ಡ ಸುತ್ತುವ ಈ ಗೆಳೆಯರು ಒಟ್ಟು ನಾಲ್ವರು. ಎಲ್ಲರಿಗಿಂತ ಮುಂದೆ ಹೆಡ್ಲಿ, ಕೊರಳಿಗೆ ನಕ್ಷೆಯ ಚೀಲ ನೇತುಹಾಕಿಕೊಂಡು. ಕಲ್ಲುಗಣಿಯಲ್ಲಿ ದುಡಿದ ಮೈ ಅವನದು. ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಗುಡ್ಡ ಕಂಡರೆ ಕಾಲು ತಾನಾಗಿ ಚುರುಕಾಗುತ್ತಿತ್ತು. ಅವನ ಹಿಂದೆ ಮಾವಿಸ್. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ಅವಳಿಗೆ ಯಾರನ್ನು ಕಂಡರೂ ಹಸಿದವರ ಹಾಗೆ ಕಾಣುತ್ತಿತ್ತು. ಚಹಾದ ಫ್ಲಾಸ್ಕು, ಒಣಹಣ್ಣಿನ ಕೇಕು, ಕೇಕಿನ ಜೊತೆಗೆ ತಿನ್ನಲು ಚೀಸಿನ ತುಂಡು, ಎಲ್ಲ ಅವಳ ಬೆನ್ನಿನ ಚೀಲದಲ್ಲಿ. ಅವಳ ಪಕ್ಕಕ್ಕೆ ಸಿರಿಲ್, ಹಿಂದೆ ಬಸ್ಸು ಓಡಿಸುತ್ತಿದ್ದವನು, ಬಾಯಿಗೆ ಬಿಡುವಿಲ್ಲದವನು. ಎಲ್ಲರಿಗೂ ಕೊನೆಯಲ್ಲಿ ಆಲ್ವಿನ್.

ಆಲ್ವಿನ್‌ನ ಮಂಡಿ ಕೆಟ್ಟಿತ್ತು. ಕಣಿವೆಯ ಮನೆಮನೆಗೂ ಅಂಚೆ ಹಂಚಿದ ಕಾಲು ಅದು, ಸವೆದದ್ದರಲ್ಲಿ ಆಶ್ಚರ್ಯವಿಲ್ಲ. ಅವನು ಹಿಂದೆ ಬೀಳುವುದು ಹೆಚ್ಚಾದಾಗ, ನಿಧಾನವಾದೆ ಎಂದು ಅವನ ಮುಖಕ್ಕೆ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ನಮ್ಮ ಕಡೆ ಅಂಥ ಮಾತನ್ನು ಯಾರೂ ಹೇಳುವುದಿಲ್ಲ. ಮಾವಿಸ್ ಒಂದು ಉಪಾಯ ಮಾಡಿದಳು.

"ಯಾರಾದ್ರೂ ಒಬ್ರು ಕೊನೇಲಿ ಇರ್ಬೇಕಪ್ಪ," ಎಂದಳು. "ಗೇಟು ಸರಿಯಾಗಿ ನೋಡ್ಕೊಳ್ಳೋರು. ಈ ಸಿರಿಲ್‌ನ ನಂಬಿದ್ರೆ ಕಣಿವೇಲಿರೋ ಕುರಿಯೆಲ್ಲ ಪೇಟೆಗೆ ಸಿನಿಮಾ ನೋಡೋಕೆ ಹೋಗ್ತವೆ. ನೀನು ಮಾಡ್ತೀಯಾ ಆಲ್ವಿನ್?"

ಆಲ್ವಿನ್ ಅದನ್ನು ನಿಜವಾದ ಹುದ್ದೆಯೆಂದೇ ತೆಗೆದುಕೊಂಡ. ಪ್ರತಿ ಗೇಟಿನ ಚಿಲಕ ಹಾಕಿ, ಒಮ್ಮೆ ಅಲ್ಲಾಡಿಸಿ ನೋಡಿ, ಆಮೇಲೆ ಮುಂದೆ ಹೆಜ್ಜೆ ಇಡುತ್ತಿದ್ದ. ಗುಡ್ಡದಲ್ಲಿ ನಡೆಯುವವರಿಗೆಲ್ಲ ಗೊತ್ತಿರುವ ರೀತಿ ಒಂದಿದೆ: ಗೇಟು ಮುಚ್ಚಿದ್ದರೆ ದಾಟಿ ಮುಚ್ಚಬೇಕು. ರೈತ ತೆರೆದು ಹಿಂದಕ್ಕೆ ಕಟ್ಟಿದ್ದರೆ ಅದನ್ನು ಮುಟ್ಟಬಾರದು, ಕುರಿಗಳ ನೀರಿಗೋ ನೆರಳಿಗೋ ದಾರಿ ಬಿಟ್ಟಿರುತ್ತಾನೆ. ಕಟ್ಟದೆ ಸುಮ್ಮನೆ ಜೋಲಾಡುತ್ತಿದ್ದರೆ ಯಾರೋ ಪರವೂರಿನವರು ಬಿಟ್ಟುಹೋದದ್ದು, ಮುಚ್ಚಬೇಕು. ಆಲ್ವಿನ್ ಇದರಲ್ಲಿ ಒಮ್ಮೆಯೂ ತಪ್ಪಿದವನಲ್ಲ.

ಆ ಬೇಸಿಗೆ ಮಳೆ ಬರಲಿಲ್ಲ. ತೊರೆಗಳು ಬತ್ತಿ ಕಲ್ಲು ಕಾಣುತ್ತಿದ್ದವು. ಗುಡ್ಡದ ಹುಲ್ಲು ಕಂದಿತ್ತು. ಅಂಥ ಒಂದು ಬುಧವಾರ ನಾಲ್ವರೂ ಬಸ್ಸಿಳಿದು, ಗಾರ್ಸ್‌ಬೆಕ್ ಊರು ದಾಟಿ, ಹಿಲ್ಡಾ ಥ್ವೇಟ್‌ಳ ಹೊಲದ ಕಲ್ಲುಗೋಡೆಯ ಪಕ್ಕದಲ್ಲೇ ಮೇಲಕ್ಕೆ ಹತ್ತಿದರು. ಹಿಲ್ಡಾ ಗಂಡ ಸತ್ತ ಮೇಲೆ ಒಬ್ಬಳೇ ಕುರಿ ಸಾಕಿಕೊಂಡಿದ್ದವಳು. ಆಗ ಅವಳ ಜೀವವೆಲ್ಲ ಮನೆಯ ಪಕ್ಕದ ಹುಲ್ಲುಗಾವಲಿನಲ್ಲಿ. ಬಿಸಿಲು ಇರುವಾಗಲೇ ಹುಲ್ಲು ಕೊಯ್ದು ಒಣಗಿಸಿ ಕೊಟ್ಟಿಗೆ ತುಂಬಬೇಕು. ಮೇಲಿನ ಹೊಲದ ತೊಟ್ಟಿ ಒಣಗಿದ್ದರಿಂದ, ನಡುವಿನ ಗೇಟನ್ನು ತೆರೆದು ಗೂಟಕ್ಕೆ ಕಟ್ಟಿ, ಕುರಿಗಳು ಕೆಳಗಿನ ಹೊಲದ ಒರತೆಗೆ ಇಳಿದು ನೀರು ಕುಡಿಯುವ ಹಾಗೆ ಮಾಡಿದ್ದಳು. ಕಟ್ಟಿದ್ದು ಹುಲ್ಲಿನ ಪಿಂಡಿಯ ನೀಲಿ ದಾರದಿಂದ, ಎರಡು ಗಂಟು ಹಾಕಿ.

ಆ ಗೇಟಿನ ಬಳಿ ಹೆಡ್ಲಿಯ ಬೂಟಿನ ಅಟ್ಟೆ ಬಾಯಿಬಿಟ್ಟಿತು. ಉಳಿದವರು ಇನ್ನೂ ಕೆಳಗಿನ ತಿರುವಿನಲ್ಲಿದ್ದರು. ಹೆಡ್ಲಿ ಜೇಬಿಗೆ ಕೈಹಾಕಿದ. ಜೇಬಿನಲ್ಲಿ ಒಂದು ತುಂಡು ದಾರ ಇಲ್ಲದ ಗಂಡಸು ನಮ್ಮ ಕಣಿವೆಯಲ್ಲಿ ಸಿಗುವುದಿಲ್ಲ. ಆದರೆ ಹೆಡ್ಲಿ ತನ್ನ ದಾರವನ್ನು ಹಿಂದಿನ ದಿನ ಬಟಾಣಿ ಬಳ್ಳಿಗೆ ಕಟ್ಟಿ ಮುಗಿಸಿದ್ದ. ಗೂಟದ ಮೇಲೆ ನೀಲಿ ದಾರ ಕಣ್ಣಿಗೆ ಬಿತ್ತು. ಚಾಕು ತೆಗೆದು ಕುಯ್ದ, ಬೂಟಿಗೆ ಸುತ್ತಿ ಬಿಗಿದ.

ಗೇಟು ಭಾರವಾಗಿತ್ತು. ಹುಲ್ಲಿಗೆ ತಾಗಿ ನಿಂತಲ್ಲೇ ನಿಂತಿತ್ತು. ಇದು ಅಲ್ಲಾಡುವುದಿಲ್ಲ, ಮುಚ್ಚಬೇಡ ಎಂದು ಆಲ್ವಿನ್‌ಗೆ ಒಂದು ಮಾತು ಹೇಳಿದರೆ ಸಾಕು ಅಂದುಕೊಂಡ. ಹೇಳಬೇಕೆಂದೇ ಕಲ್ಲಿನ ಮೇಲೆ ಕೂತ.

ಅಷ್ಟರಲ್ಲಿ ಮಾವಿಸ್ ಜೊತೆ ಸಿರಿಲ್ ಬಂದ. "ಇದೇನೋ ಬೂಟಿಗೆ ನೀಲಿ ರಿಬ್ಬನ್ನು? ಮದುವೆ ಗಿದುವೆ ಇದೆಯೇನೋ?"

"ಬಾಯಿ ಮುಚ್ಕೊಂಡು ನಡಿಯೋ. ಅಟ್ಟೆ ಕಿತ್ತೋಯ್ತು."

"ಹುಡುಗಿ ಯಾರು ಅಂತ ಕೇಳ್ದೆ ಅಷ್ಟೇ."

ಮಾವಿಸ್ ನಕ್ಕಳು. ಬೆಟ್ಟದ ತುದಿಯಲ್ಲಿ ಗಾಳಿ ಇದ್ದೀತು, ಅಲ್ಲೇ ಚಹಾ ಕುಡಿಯೋಣ ಎಂದಳು. ಹೆಡ್ಲಿ ಎದ್ದ. ಸಿರಿಲ್‌ನ ತಮಾಷೆಗೆ ಉತ್ತರ ಕೊಡುತ್ತ, ಅಟ್ಟೆ ಹಿಡಿದಿದೆಯೇ ಎಂದು ಬಗ್ಗಿ ನೋಡುತ್ತ ಮುಂದೆ ಹೋದ. ಹೇಳಬೇಕಾದ ಮಾತು ಮರೆತೇ ಹೋಯಿತು. ಅವರ ಬೆನ್ನ ಹಿಂದೆ ಗಾಳಿ ಗೇಟನ್ನು ಅರ್ಧ ತಳ್ಳಿತು. ತುಂಬ ಹಿಂದೆ ಆಲ್ವಿನ್ ಕುಂಟುತ್ತ ಹತ್ತಿ ಬಂದ. ಕಟ್ಟದೆ ಜೋಲಾಡುತ್ತಿದ್ದ ಗೇಟು ಕಂಡ. ಮುಚ್ಚಿ, ಚಿಲಕ ಹಾಕಿ, ಅಲ್ಲಾಡಿಸಿ ನೋಡಿದ.

ಮುಂದಿನ ಬುಧವಾರ ಅದೇ ದಾರಿಯಲ್ಲಿ ಹಿಲ್ಡಾ ಥ್ವೇಟ್ ಎದುರಾದಳು. ಅವರಿಗಾಗಿಯೇ ಕಾದು ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ದನಿ ಮಾತ್ರ ಏರಿರಲಿಲ್ಲ.

"ಬುಧವಾರದೋರು ನೀವೇ ಅಲ್ವಾ? ಹೋದ ವಾರ ಈ ಗೇಟು ಮುಚ್ಚಿದ್ದು ಯಾರು?"

"ನಾನು," ಎಂದ ಆಲ್ವಿನ್. ಹೇಳುವಾಗ ಸ್ವಲ್ಪ ಹೆಮ್ಮೆಯೇ ಇತ್ತು ಅವನ ಮಾತಿನಲ್ಲಿ.

"ಮರಿಗೆ ಹಾಲು ಕೊಡೋ ಕುರಿಗಳು ಇದ್ವು ಮೇಲೆ. ನೀರಿಗೆ ಬರೋಕೆ ದಾರಿ ಇರ್ಲಿಲ್ಲ. ನಾಲ್ಕನೇ ದಿನ ನಾನು ಹುಲ್ಲಿನ ಕೆಲಸ ಬಿಟ್ಟು ಮೇಲೆ ಬಂದು ನೋಡೋ ಹೊತ್ತಿಗೆ ಐದು ಕುರಿ ಗೋಡೆ ಬುಡದಲ್ಲಿ ಬಿದ್ದಿದ್ವು. ಮರಿಗಳು ಸತ್ತ ತಾಯಿ ಕೆಚ್ಚಲಿಗೆ ಬಾಯಿ ಹಾಕ್ತಾ ಇದ್ವು."

ಸಿರಿಲ್ ಮೇಲಿನ ಹೊಲದ ಕಡೆ ತಿರುಗಿ ನೋಡಿದ.

"ಕಟ್ಟಿದ್ದೆನಲ್ಲ ಸ್ವಾಮಿ," ಎಂದಳು ಹಿಲ್ಡಾ. "ಎರಡು ಗಂಟು ಹಾಕಿ ಕಟ್ಟಿದ್ದೆ. ಬಿಚ್ಚೋಕೇ ನಿಮಗೆ ಹೊತ್ತು ಹಿಡಿದಿರುತ್ತೆ. ಬಿಚ್ಚಿ ಮುಚ್ಚೋ ಅಂಥದ್ದು ಏನಿತ್ತು?"

"ಕಟ್ಟಿತ್ತಾ?" ಎಂದ ಆಲ್ವಿನ್. ಗೇಟನ್ನು ನೋಡಿದ, ಗೂಟವನ್ನು ನೋಡಿದ, ತನ್ನ ಕೈಗಳನ್ನು ನೋಡಿಕೊಂಡ. "ನನಗೆ... ಕಟ್ಟಿತ್ತಾ?"

ಹೆಡ್ಲಿಯ ಕಾಲಿನಲ್ಲಿ ಹೊಸ ಬೂಟು. ಹಳೆಯದು ಮನೆಯ ಹಿಂದಿನ ಕೊಟ್ಟಿಗೆಯಲ್ಲಿತ್ತು, ದಾರ ಸುತ್ತಿದ ಹಾಗೇ. ಮಾತು ಅವನ ನಾಲಿಗೆಯ ತುದಿಗೆ ಬಂತು. ಆದರೆ ಮಾವಿಸ್ ಅಷ್ಟರಲ್ಲಿ ಆಲ್ವಿನ್‌ನ ತೋಳು ಹಿಡಿದು, "ಬಿಡಪ್ಪ, ಬೇಕಂತ ಮಾಡಿದ್ದಲ್ಲ," ಎನ್ನುತ್ತಿದ್ದಳು. ಸಿರಿಲ್ ಟೋಪಿ ತೆಗೆದು ಹಿಲ್ಡಾಳಿಗೆ ಕ್ಷಮೆ ಕೇಳುತ್ತಿದ್ದ. ಈಗ ಬೇಡ, ಬಸ್ಸಿನಲ್ಲಿ ಹೇಳುತ್ತೇನೆ ಅಂದುಕೊಂಡ ಹೆಡ್ಲಿ. ಬಸ್ಸಿನಲ್ಲಿ ಆಲ್ವಿನ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನಾಳೆ ಮನೆಗೆ ಹೋಗಿ ಹೇಳುತ್ತೇನೆ ಅಂದುಕೊಂಡ. ಮರುದಿನ ಹೋಗಲಿಲ್ಲ. ಅದರ ಮರುದಿನ, ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಏನು ಹೇಳುವುದೆಂದು ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಆಲ್ವಿನ್ ನಡಿಗೆಗೆ ಬರುವುದನ್ನು ಬಿಟ್ಟ.

ಮೂವರೇ ನಡೆದರು. ಗೇಟು ದಾಟಿದ ಮೇಲೆ ಮೂವರೂ ತಿರುಗಿ ನಿಲ್ಲುವರು, ಒಬ್ಬರ ಮುಖ ಒಬ್ಬರು ನೋಡುವರು, ಆಮೇಲೆ ಯಾರೋ ಒಬ್ಬರು ಹೋಗಿ ಮುಚ್ಚಿ ಬರುವರು. ಸಿರಿಲ್‌ನ ತಮಾಷೆಗಳು ಅರ್ಧಕ್ಕೇ ನಿಂತುಹೋಗುತ್ತಿದ್ದವು. ಮಾವಿಸ್ ಮರೆತು ನಾಲ್ಕು ತುಂಡು ಕೇಕು ಕುಯ್ದು, ಒಂದನ್ನು ಮತ್ತೆ ಕಾಗದದಲ್ಲಿ ಸುತ್ತಿ ಇಡುತ್ತಿದ್ದಳು.

ಆ ಮೇಲೆ ಅವರ ಊರಿನ ಗಡಿಯಾರ ನಿಂತಿತು. ಚರ್ಚಿನ ಗೋಪುರದ ಗಡಿಯಾರಕ್ಕೆ ವಾರವಾರವೂ ಕೀಲಿ ಕೊಡುತ್ತಿದ್ದವನು ಆಲ್ವಿನ್. ಗೋಪುರದ ಕೀಲಿಕೈಯನ್ನು ಪಾದ್ರಿಗಳ ಮನೆಗೆ ಒಯ್ದು, "ಇನ್ನು ನನ್ನ ಕೈಲಿ ಕೊಡಬೇಡಿ, ನನ್ನ ತಲೆಯನ್ನ ನಂಬೋಕಾಗಲ್ಲ," ಎಂದು ಇಟ್ಟು ಬಂದನಂತೆ. ಪಾದ್ರಿಗಳು ಒಳ್ಳೆಯವರು, ಆದರೆ ಮರೆಗುಳಿ. ಮುಳ್ಳು ನಿಂತಲ್ಲೇ ನಿಂತಿತು. ಹೆಡ್ಲಿಯ ಮನೆ ಚರ್ಚಿನ ಎದುರಿಗೇ ಇತ್ತು. ತೋಟದಲ್ಲಿ ಬಗ್ಗಿ ಕೆಲಸ ಮಾಡುವಾಗ, ಇನ್ನೇನು ಗಂಟೆ ಹೊಡೆಯುತ್ತದೆ ಎಂದು ಕಿವಿ ತಾನಾಗಿ ಕಾಯುತ್ತಿತ್ತು. ಹೊಡೆಯುತ್ತಿರಲಿಲ್ಲ.

ಕೊನೆಗೆ ಅವನು ಆಲ್ವಿನ್‌ನ ಮನೆಗೆ ಹೋದ. ಹೇಳಿಬಿಡಬೇಕೆಂದೇ ಹೋದ.

ಆಲ್ವಿನ್ ಚಹಾ ಮಾಡಿಕೊಟ್ಟ. ಇಬ್ಬರೂ ಅಡುಗೆಮನೆಯ ಮೇಜಿನ ಎರಡು ಕಡೆ ಕೂತರು. ಆಲ್ವಿನ್ ಬಡಕಲಾಗಿದ್ದ.

"ನಾನು ಬೆಳಗ್ಗೆ ಎದ್ದು ಗೇಟೆಲ್ಲ ನೆನಪು ಮಾಡ್ಕೊತೀನಿ ಕಣೋ," ಎಂದ. "ಬಸ್ಸಿಳಿದ ತಕ್ಷಣ ಸಿಗೋದು ಬಿಳೀ ಗೇಟು, ಚಿಲಕ ಬಿಗಿ, ಮೇಲಕ್ಕೆತ್ತಬೇಕು. ಆಮೇಲೆ ಗೋಡೆ ದಾಟೋ ತಡಮೆ, ಎರಡನೇ ಕಲ್ಲು ಅಲ್ಲಾಡುತ್ತೆ. ಆಮೇಲೆ ಕಬ್ಬಿಣದ್ದು, ಸರಪಳಿ ಮೊಳೆಗೆ ಸಿಕ್ಕಿಸ್ಬೇಕು. ಸರೀನಾ?"

"ಸರಿ."

"ಎಲ್ಲ ಬರುತ್ತೆ. ಹಿಲ್ಡಾ ಗೇಟೂ ಬರುತ್ತೆ. ಜೋಲಾಡ್ತಾ ಇದೆ, ಕೆಳಗಿನ ಅಡ್ಡಪಟ್ಟಿ ಹುಲ್ಲಿಗೆ ಕೆರೀತಾ ಇದೆ, ಎಲ್ಲ ಕಾಣುತ್ತೆ. ಆ ದಾರ ಒಂದು ಬರಲ್ಲ. ಎರಡು ಗಂಟು ಬಿಚ್ಚಿದ್ದೀನಂತೆ. ನನ್ನ ಬೆರಳಿಗೇ ಗೊತ್ತಿಲ್ಲ ಅದು."

ಹೆಡ್ಲಿ ಲೋಟದ ಒಳಗೆ ನೋಡುತ್ತಿದ್ದ.

"ಅಮ್ಮನಿಗೂ ಹೀಗೇ ಶುರುವಾಗಿದ್ದು," ಎಂದ ಆಲ್ವಿನ್. "ಮೊದ್ಲು ಒಂದೇ ಒಂದು ವಿಷಯ. ಕೋಳಿಗೆ ಕಾಳು ಹಾಕಿದ್ದು ಮರೆತೋಯ್ತು. ನಾವೆಲ್ಲ ನಕ್ವಿ. ಕೊನೆಗೆ ನನ್ನನ್ನೇ ನೋಡಿ, ನೀನು ಯಾರಪ್ಪ, ಅಂಚೆಯೋನಾ ಅಂತ ಕೇಳಿದ್ಳು. ಅಂಚೆಯೋನೇ ಆಗಿದ್ದೆ ಬಿಡು." ನಗಲು ನೋಡಿದ, ಆಗಲಿಲ್ಲ. "ಸಮುದ್ರದ ಕಡೆ ಅಕ್ಕ ಇದ್ದಾಳಲ್ಲ, ಅಲ್ಲಿಗೆ ಬಾ ಅಂತಿದ್ದಾಳೆ. ಮನೆ ಬಿಟ್ಟು ಹೋಗ್ತೀನಿ. ಪೂರ್ತಿ ಕೆಡೋಕೆ ಮುಂಚೆ ಹೋಗ್ಬೇಕು. ನಾನು ಹಂಗಾಗೋದನ್ನ ನೀವ್ಯಾರೂ ನೋಡೋದು ಬೇಡ."

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ. ಹೆಡ್ಲಿಗೆ ಅದು ಗೊತ್ತಿತ್ತು. ಬಾಯಿ ತೆರೆದ. ಬಂದ ಮಾತೇ ಬೇರೆ.

"ಬಿಡೋ ಆಲ್ವಿನ್. ವಯಸ್ಸಾಯ್ತು. ಎಲ್ರಿಗೂ ಆಗೋದೇ."

ಆಲ್ವಿನ್ ತಲೆಯಾಡಿಸಿದ. "ಹೌದು," ಎಂದ, ತುಂಬ ಮೆಲ್ಲಗೆ.

ಹೆಡ್ಲಿ ಮನೆಗೆ ಬಂದು ಕೊಟ್ಟಿಗೆಯಲ್ಲಿ ನಿಂತ. ಬೂಟು ಮೂಲೆಯಲ್ಲಿತ್ತು. ಗೇಟಿನ ವಿಷಯದಲ್ಲಿ ಅವನದು ಬರೀ ಮರೆವು, ಯಾರಿಂದಲೂ ಆಗಬಹುದಾದದ್ದು. ಆದರೆ ಈಗ ಆಡಿ ಬಂದ ಮಾತು ಮರೆವಲ್ಲ. ಒಬ್ಬ ಮನುಷ್ಯನ ನೆಟ್ಟಗಿದ್ದ ತಲೆಯನ್ನು ಕೆಟ್ಟಿದೆ ಎಂದು ಅವನಿಂದಲೇ ಒಪ್ಪಿಸಿ, ಅವನು ಮಾಡಿಕೊಟ್ಟ ಚಹಾ ಕುಡಿದು ಬಂದಿದ್ದ.

ಬೆಳಗಾದ ಮೇಲೆ ಬೂಟನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೊರಟ. ಆಲ್ವಿನ್‌ನ ಮನೆಯ ಬಾಗಿಲವರೆಗೆ ಹೋದ ಕಾಲು ಅಲ್ಲಿ ನಿಲ್ಲದೆ, ಬಸ್ಸು ಹತ್ತಿ, ಹಿಲ್ಡಾಳ ಹೊಲದ ಕಡೆ ನಡೆಯಿತು. ಅವಳಿಗೆ ಹೇಳುವುದು ಸುಲಭವೆನಿಸಿತು.

ಹಿಲ್ಡಾ ಕೊಟ್ಟಿಗೆಯಲ್ಲಿ ಪಿಂಡಿ ಜೋಡಿಸುತ್ತಿದ್ದಳು. ತಾಯಿಯಿಲ್ಲದ ಎರಡು ಮರಿಗಳು ಅವಳ ಕಾಲಿಗೆ ತೊಡರುತ್ತಿದ್ದವು. ಹೆಡ್ಲಿ ಬೂಟನ್ನು ತೆಗೆದು ತೋರಿಸಿದ, ಎಲ್ಲ ಹೇಳಿದ. ನಿಮ್ಮ ಬಿದ್ದ ಗೋಡೆಗಳನ್ನೆಲ್ಲ ಕಟ್ಟಿಕೊಡುತ್ತೇನೆ, ಕಲ್ಲಿನ ಕೆಲಸ ಗೊತ್ತು ಎಂದ.

ಹಿಲ್ಡಾ ದಾರವನ್ನು ನೋಡಿದಳು. "ನನ್ನದೇ," ಎಂದಳು. ಮರಿಯೊಂದನ್ನು ಕಾಲಿನಿಂದ ಸರಿಸಿ ಕೇಳಿದಳು, "ಆ ಕುಂಟೋ ಮನುಷ್ಯನಿಗೆ ಗೊತ್ತಾ?"

"ಇಲ್ಲ. ಇನ್ನೂ..."

"ಅವರು ಇಲ್ಲಿಗೆ ಬಂದಿದ್ರು. ಗೊತ್ತಾ ನಿಮಗೆ? ಒಬ್ರೇ. ಆ ಗೇಟಿನ ಹತ್ರ ನಿಂತು ಗೂಟ ಮುಟ್ಟಿ ಮುಟ್ಟಿ ನೋಡ್ತಿದ್ರು. ನನ್ನ ಕಂಡು, ದಾರ ಯಾವ ಬಣ್ಣ ಇತ್ತಮ್ಮಾ ಅಂತ ಕೇಳಿದ್ರು. ನೀಲಿ ಅಂದೆ. ಥ್ಯಾಂಕ್ಸ್ ಅಂದು ಹೋದ್ರು." ಹಿಲ್ಡಾ ಮತ್ತೆ ಪಿಂಡಿಗೆ ಕೈಹಾಕಿದಳು. "ನನಗ್ಯಾಕೆ ಮೊದ್ಲು ಹೇಳೋಕೆ ಬಂದ್ರಿ? ನನ್ನ ಕುರಿ ಸತ್ತವು, ಎದ್ದು ಬರಲ್ಲ. ಅವರು ಬದುಕಿದ್ದಾರೆ. ಹೋಗಿ."

ಹೆಡ್ಲಿ ಹೋದ. ಆಲ್ವಿನ್‌ನ ಮನೆಯ ಹಜಾರದಲ್ಲಿ ಪೆಟ್ಟಿಗೆಗಳು ಆಗಲೇ ಅರ್ಧ ತುಂಬಿದ್ದವು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪೇಪರು ಹಾಸಿತ್ತು, ಪಿಂಗಾಣಿ ಸುತ್ತಲು. ಹೆಡ್ಲಿ ಅದರ ಮೇಲೆ ಬೂಟನ್ನು ಇಟ್ಟ.

"ಇದೇನೋ ಇದು?"

"ಹಿಲ್ಡಾಳ ದಾರ. ಗೇಟಿಂದ ನಾನು ಕುಯ್ಕೊಂಡೆ, ಅಟ್ಟೆ ಕಿತ್ತೋಗಿತ್ತು. ನಿನಗೆ ಹೇಳ್ಬೇಕು ಅಂತಿದ್ದೆ. ಮರೆತೆ. ಆಮೇಲೆ... ಆಮೇಲೆ ಮರೆತಿದ್ದಲ್ಲ. ಹೇಳಲಿಲ್ಲ."

ಆಲ್ವಿನ್ ಬೆರಳಿನಿಂದ ದಾರದ ತುದಿಯನ್ನು ಹುಡುಕಿದ. ಚಾಕುವಿನಿಂದ ಕುಯ್ದ ನೆಟ್ಟನೆಯ ತುದಿ. ಪಕ್ಕದಲ್ಲೇ ಹಿಲ್ಡಾ ಹಾಕಿದ ಎರಡು ಗಂಟೂ ಬಿಚ್ಚದೆ ಹಾಗೇ ಇದ್ದವು. ಅವನು ಆ ಗಂಟುಗಳನ್ನು ಬಹಳ ಹೊತ್ತು ಸವರಿದ.

"ಹಂಗಾದ್ರೆ ನಾನು ಬಂದಾಗ ದಾರ ಇರ್ಲಿಲ್ಲ."

"ಇರ್ಲಿಲ್ಲ."

"ಗೇಟು ಜೋಲಾಡ್ತಿತ್ತು."

"ಹೌದು. ನಿನಗೆ ನೆನಪಿರೋದೇ ಸರಿ. ಎಲ್ಲಾನೂ ಸರಿ."

"ಇನ್ನೊಂದ್ಸಲ ಹೇಳು."

"ದಾರ ಇರ್ಲಿಲ್ಲ ಆಲ್ವಿನ್. ನಿನ್ನ ತಲೆ ನೆಟ್ಟಗಿದೆ."

ಆಲ್ವಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಅಲುಗಿದವು. ಅಳುತ್ತಿದ್ದಾನೋ ನಗುತ್ತಿದ್ದಾನೋ ಹೆಡ್ಲಿಗೆ ತಿಳಿಯಲಿಲ್ಲ. ಹತ್ತಿರ ಹೋಗಲು ಒಂದು ಹೆಜ್ಜೆ ಇಟ್ಟ. ಆಲ್ವಿನ್ ಕೈ ತೆಗೆದ. ಮುಖ ಒದ್ದೆಯಾಗಿತ್ತು. ನೋಟ ಬೇರೆಯಾಗಿತ್ತು.

"ನೀನು ನಿನ್ನೆ ವಯಸ್ಸಾಯ್ತು ಅಂದೆ."

"ಅಂದೆ."

"ಅದೇ ಕುರ್ಚೀಲಿ ಕೂತ್ಕೊಂಡು. ನಮ್ಮಮ್ಮನ ವಿಷಯ ಹೇಳಿದ ಮೇಲೆ."

ಒಲೆಯ ಮೇಲೆ ಕೆಟಲು ಇತ್ತು. ನಮ್ಮ ಕಡೆ ಮನೆಗೆ ಬಂದವನು ಸಾಲಗಾರನಾದರೂ ಮೊದಲು ಕೆಟಲು ಇಡುತ್ತಾರೆ. ಆಲ್ವಿನ್ ಅದನ್ನು ಮುಟ್ಟಲಿಲ್ಲ.

"ಬೂಟು ತಗೊಂಡು ಹೊರಡು," ಎಂದ.

ಮುಂದಿನ ಬುಧವಾರ ಬಸ್ ನಿಲ್ದಾಣದಲ್ಲಿ ಹೆಡ್ಲಿ ಮಾವಿಸ್‌ಗೂ ಸಿರಿಲ್‌ಗೂ ಹೇಳಿದ. ಸಿರಿಲ್‌ಗೆ ಯಾವ ತಮಾಷೆಯೂ ಹೊಳೆಯಲಿಲ್ಲ. "ನೀಲಿ ರಿಬ್ಬನ್ನು ಅಂದಿದ್ದೆನಲ್ಲೋ," ಎಂದ, ತನ್ನದೂ ಒಂದು ಪಾಲು ಇದ್ದ ಹಾಗೆ. ಮಾವಿಸ್ ಬೆನ್ನಿನ ಚೀಲ ಕೆಳಗಿಟ್ಟು, "ನಾನು ಹೋಗಿ ಅವನಿಗೆ ದಿನಾ ಸೂಪು ಕೊಟ್ಟು ಬರ್ತಿದ್ದೆ," ಎಂದಳು. "ಮಗೂನ ಮಾತಾಡಿಸೋ ಹಂಗೆ ಮಾತಾಡಿಸ್ತಿದ್ದೆ. ನನ್ನ ಕೈಲಿ ಅದನ್ನೂ ಮಾಡಿಸ್ಬಿಟ್ಟೆ ನೀನು." ಆ ದಿನ ಯಾರೂ ನಡೆಯಲಿಲ್ಲ. ಬಸ್ಸು ಬಂತು, ಹೋಯಿತು.

ಹೆಡ್ಲಿ ಹಿಲ್ಡಾಳ ಗೋಡೆ ಕಟ್ಟಲು ಹೋಗತೊಡಗಿದ. ಬೇಡವೆಂದೂ ಅವಳು ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಬಿದ್ದ ಕಲ್ಲುಗಳನ್ನು ಆರಿಸಿ, ದೊಡ್ಡದನ್ನು ಅಡಿಗೆ ಕೂರಿಸಿ, ಸಂದಿಗೆ ಚೂರು ತುಂಬಿ ಒಬ್ಬನೇ ಕಟ್ಟುತ್ತಿದ್ದ. ಕೈಗೆ ಕೆಲಸ ಸಿಕ್ಕಿತೇ ಹೊರತು ಎದೆ ಹಗುರಾಗಲಿಲ್ಲ. ಗೋಡೆ ಎದ್ದ ಮೇಲೂ ಆ ಮಾತು ಆಡಿದ್ದು ಆಡಿದ್ದೇ.

ಕೊನೆಗೊಂದು ದಿನ ಮಳೆ ಬಂತು. ಅದಾದ ಕೆಲವು ದಿನಕ್ಕೆ ಹೆಡ್ಲಿ ತೋಟದಲ್ಲಿ ಆಲೂಗಡ್ಡೆ ಅಗೆಯುತ್ತಿದ್ದಾಗ ಚರ್ಚಿನ ಗಡಿಯಾರ ಹೊಡೆಯಿತು. ಗುದ್ದಲಿ ಹಿಡಿದೇ ನಿಂತು, ಪೂರ್ತಿ ಹೊಡೆದು ಮುಗಿಸುವವರೆಗೂ ಕೇಳಿದ. ಗೋಪುರದ ಬಾಗಿಲಿನಿಂದ ಆಲ್ವಿನ್ ಹೊರಗೆ ಬಂದು, ಈ ಕಡೆ ನೋಡದೆ, ಕುಂಟುತ್ತ ಮನೆಗೆ ಹೋದ.

ಮತ್ತೆ ಬುಧವಾರ ಬಂದಾಗ ಬಸ್ ನಿಲ್ದಾಣದಲ್ಲಿ ಆಲ್ವಿನ್ ಎಲ್ಲರಿಗಿಂತ ಮೊದಲು ನಿಂತಿದ್ದ. ಮಾವಿಸ್ ಅವನನ್ನು ತಬ್ಬಿಕೊಂಡಳು. ಸಿರಿಲ್, "ಸಮುದ್ರದವರು ಬೇಡ ಅಂದ್ರಾ ನಿನ್ನನ್ನ?" ಎಂದ.

"ಅಲ್ಲಿ ಗೇಟೇ ಇಲ್ಲವಂತೆ ಕಣೋ. ನನಗೇನು ಕೆಲಸ?" ಎಂದ ಆಲ್ವಿನ್. ಆಮೇಲೆ ಹೆಡ್ಲಿಯ ಕಡೆ ಕೈ ಚಾಚಿದ. ಕೈ ಕುಲುಕಲೆಂದು ಹೆಡ್ಲಿ ತನ್ನ ಕೈ ಎತ್ತಿದ.

"ನಕ್ಷೆ ಕೊಡು," ಎಂದ ಆಲ್ವಿನ್.

ಹೆಡ್ಲಿ ಕೊರಳಿನ ಚೀಲ ತೆಗೆದುಕೊಟ್ಟ.

"ನೀನು ಹಿಂದೆ ನಡಿ."

ಅಂದು ಆಲ್ವಿನ್ ಮುಂದೆ ನಡೆದ. ಅವನ ಮಂಡಿ ಎಷ್ಟು ನಡೆಯುತ್ತಿತ್ತೋ ಅಷ್ಟೇ ಎಲ್ಲರೂ ನಡೆದರು. ಏರಿನಲ್ಲಿ ಅವನು ನಿಂತರೆ ಎಲ್ಲರೂ ನಿಂತರು. ಹಿಂದೆ ಬರುವವನಿಗೆ ಮುಂದಿನವರ ಮಾತು ಅರ್ಧ ಮಾತ್ರ ಕೇಳಿಸುತ್ತದೆ, ನಗು ಕೇಳಿಸುತ್ತದೆ, ಯಾಕೆ ನಕ್ಕರೆಂದು ತಿಳಿಯುವುದಿಲ್ಲ. ಒಂದು ಗೇಟು ಮುಚ್ಚಿ ತಿರುಗುವಷ್ಟರಲ್ಲಿ ಅವರು ಒಂದು ತಿರುವು ಮುಂದೆ ಹೋಗಿರುತ್ತಾರೆ. ಹೆಡ್ಲಿಗೆ ಇದು ಅಷ್ಟು ವರ್ಷ ಗೊತ್ತಿರಲಿಲ್ಲ. ಬಿಳಿಯ ಗೇಟಿನ ಚಿಲಕ ಬಿಗಿಯಾಗಿತ್ತು, ಮೇಲಕ್ಕೆತ್ತಬೇಕಾಯಿತು. ತಡಮೆಯ ಎರಡನೆಯ ಕಲ್ಲು ಅಲ್ಲಾಡಿತು.

ಹಿಲ್ಡಾಳ ಗೇಟಿನ ಬಳಿ ಹೆಡ್ಲಿ ಹತ್ತಿ ಬರುವವರೆಗೂ ಆಲ್ವಿನ್ ಕಾದು ನಿಂತಿದ್ದ. ಮಾವಿಸ್, ಸಿರಿಲ್ ಮುಂದೆ ಹೋಗಿದ್ದರು. ಗೇಟನ್ನು ಹಿಂದಕ್ಕೆ ತೆರೆದು, ಹೊಸ ನೀಲಿ ದಾರದಿಂದ ಗೂಟಕ್ಕೆ ಕಟ್ಟಿತ್ತು.

"ಇದು ಹೇಗಿದೆ ಹೇಳು," ಎಂದ ಆಲ್ವಿನ್.

"ತೆರೆದಿದೆ. ಕಟ್ಟಿದೆ."

"ಎಷ್ಟು ಗಂಟು?"

"ಎರಡು."

"ನನಗೂ ಹಾಗೇ ಕಂಡಿತು," ಎಂದು ಆಲ್ವಿನ್ ತಿರುಗಿ ಗುಡ್ಡ ಹತ್ತತೊಡಗಿದ.

ಹೆಡ್ಲಿ ಎರಡೂ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಗೇಟು ದಾಟಿದ. ಜೇಬಿನಲ್ಲಿ ಒಂದು ತುಂಡು ದಾರ ಇತ್ತು. ಆಲ್ವಿನ್‌ನ ಹಿಂದೆ, ಅವನು ಎತ್ತಿದ ಕಾಲು ಊರುವವರೆಗೂ ಕಾದು, ತನ್ನ ಹೆಜ್ಜೆ ಇಟ್ಟ.